ಏನೂ ತೋಚದ ಹೊತ್ತಿನಲ್ಲಿ ಪಟ್ಟಿ ಬರೆಯುವುದು ಹೇಗೆ?

ನಡುರಾತ್ರಿ ಅಪ್ಪನಿಗೆ ಎದೆನೋವು ಕಾಣಿಸಿಕೊಂಡು ಆಸ್ಪತ್ರೆಗೆ ಸೇರಿಸಿದ್ದಾಯಿತು ಎಂದುಕೊಳ್ಳಿ. ಬೆಳಗಿನ ಜಾವ ಐಸಿಯು ಹೊರಗಿನ ಕುರ್ಚಿಯಲ್ಲಿ ಕುಳಿತವರ ತಲೆಯಲ್ಲಿ ಏನೆಲ್ಲ ಓಡುತ್ತಿರುತ್ತದೆ? ವಿಮೆಯ ಕಾಗದ ಎಲ್ಲಿದೆ, ಮುಂಗಡ ಕಟ್ಟಲು ಹಣ ಹೇಗೆ ಹೊಂದಿಸುವುದು, ಊರಿನಲ್ಲಿರುವ ಅತ್ತೆಗೆ ಈಗಲೇ ಹೇಳಬೇಕೇ, ಮಗಳ ಪರೀಕ್ಷೆ, ಕಚೇರಿಯ ರಜೆ, ಹೊರಡುವಾಗ ಗ್ಯಾಸ್ ಆರಿಸಿದೆನೋ ಇಲ್ಲವೋ. ದೊಡ್ಡದು, ಸಣ್ಣದು ಎಂಬ ಭೇದವಿಲ್ಲದೆ ಎಲ್ಲವೂ ಒಟ್ಟಿಗೇ ಮುತ್ತಿಕೊಳ್ಳುತ್ತವೆ. ಕೈಕಾಲೇ ಆಡದ ಇಂತಹ ಹೊತ್ತಿನಲ್ಲಿ ಪೆನ್ನು ಮತ್ತು ಒಂದು ಹಾಳೆ ನಿಜಕ್ಕೂ ಕೆಲಸಕ್ಕೆ ಬರುತ್ತವೆ. ಆದರೆ ಪಟ್ಟಿ ಮಾಡುವುದಕ್ಕೂ ಒಂದು ಕ್ರಮವಿದೆ. ಅದು ತಪ್ಪಿದರೆ ಪಟ್ಟಿಯೇ ಹೊಸದೊಂದು ತಲೆನೋವಾಗುತ್ತದೆ.

ಅರ್ಧಕ್ಕೆ ನಿಂತ ಕೆಲಸ ಮುಗಿದ ಕೆಲಸಕ್ಕಿಂತ ಹೆಚ್ಚು ನೆನಪಿನಲ್ಲಿ ಉಳಿಯುತ್ತದೆ ಎಂದು ಬ್ಲೂಮಾ ಝೈಗಾರ್ನಿಕ್ ಎಂಬ ಮನೋವಿಜ್ಞಾನಿ 1927ರಲ್ಲಿ ಬರೆದರು. ನಂತರದ ಪ್ರಯೋಗಗಳಲ್ಲಿ ಈ ಫಲಿತಾಂಶ ಪ್ರತಿ ಸಲವೂ ದೊರೆತಿಲ್ಲ. ನಮಗೆ ಹೆಚ್ಚು ಉಪಯೋಗಕ್ಕೆ ಬರುವುದು ಮಸಿಕಾಂಪೊ ಮತ್ತು ಬೌಮೈಸ್ಟರ್ ಎಂಬ ಮನೋವಿಜ್ಞಾನಿಗಳು 2011ರಲ್ಲಿ ಪ್ರಕಟಿಸಿದ ಅಧ್ಯಯನ. ಬಾಕಿ ಕೆಲಸವನ್ನು ಹೇಗೆ ಮಾಡುತ್ತೇವೆ ಎಂದು ಖಚಿತವಾಗಿ ಯೋಜಿಸಿಕೊಂಡವರಿಗೆ, ಕೆಲಸ ಇನ್ನೂ ಮುಗಿಯದಿದ್ದರೂ, ಅದರ ಯೋಚನೆ ಬಂದು ಕಾಡುವುದು ಕಡಿಮೆಯಾಯಿತು. ಅಂದರೆ ಮನಸ್ಸಿಗೆ ನೆಮ್ಮದಿ ಸಿಗಲು ಎಲ್ಲವನ್ನೂ ಮಾಡಿ ಮುಗಿಸಲೇಬೇಕೆಂದಿಲ್ಲ.

ಮೊದಲು: ಇದ್ದದ್ದನ್ನೆಲ್ಲ ಬರೆದುಬಿಡಿ

ಹತ್ತು ನಿಮಿಷ ಸಾಕು. ಕ್ರಮಸಂಖ್ಯೆ ಬೇಡ, ಅಂದದ ಅಕ್ಷರ ಬೇಡ. ತಲೆಗೆ ಬಂದದ್ದು ಬಂದ ಹಾಗೆ ಹಾಳೆಯ ಮೇಲೆ ಬೀಳಲಿ. ಗ್ಯಾಸಿನ ಚಿಂತೆಯೂ ಇರಲಿ, ‘ಅಪ್ಪ ಉಳಿಯುತ್ತಾರೆಯೇ’ ಎಂಬ ಪ್ರಶ್ನೆಯೂ ಇರಲಿ. ಮೊಬೈಲಿನಲ್ಲಿ ಬರೆಯಬಹುದಲ್ಲ ಎನ್ನುವವರಿಗೆ ಅಡ್ಡಿಯಿಲ್ಲ; ಆದರೆ ಎರಡು ಸಾಲು ಬರೆಯುವಷ್ಟರಲ್ಲಿ ನೆಂಟರ ಗುಂಪಿನಿಂದ ಹದಿನೈದು ಸಂದೇಶಗಳು ಬಂದು ಬೀಳುತ್ತವೆ. ಔಷಧದ ಬಿಲ್ಲಿನ ಹಿಂಬದಿಯೇ ವಾಸಿ.

ಎರಡನೆಯದು: ಮೂರು ಭಾಗ ಮಾಡಿ

ಇನ್ನೊಂದು ಹಾಳೆಯಲ್ಲಿ ಎರಡು ಗೆರೆ ಎಳೆದು ‘ಇವತ್ತು’, ‘ಈ ವಾರ’, ‘ನನ್ನ ಕೈಯಲ್ಲಿಲ್ಲ’ ಎಂದು ಬರೆದುಕೊಳ್ಳಿ. ‘ಇವತ್ತು’ ಎಂಬಲ್ಲಿ ಐದಕ್ಕಿಂತ ಹೆಚ್ಚು ಬೇಡ. ಆರನೆಯದು ನುಗ್ಗಿದರೆ ಮೊದಲಿನ ಐದರಲ್ಲಿ ಒಂದನ್ನು ‘ಈ ವಾರ’ಕ್ಕೆ ತಳ್ಳಿ.

ನನ್ನ ಮಟ್ಟಿಗೆ ಮೂರರಲ್ಲಿ ಬಹಳ ಮುಖ್ಯವಾದದ್ದು ಕೊನೆಯ ಭಾಗ, ಜನ ಬಿಟ್ಟುಬಿಡುವುದೂ ಅದನ್ನೇ. ಅಪ್ಪ ಉಳಿಯುತ್ತಾರೆಯೇ ಎಂಬುದಕ್ಕೆ ನೀವು ಮಾಡಬಹುದಾದ ಕೆಲಸವಿಲ್ಲ, ಆದ್ದರಿಂದ ಅದರ ಜಾಗ ಅಲ್ಲಿಯೇ. ಬರೆಯದೆ ಬಿಟ್ಟರೆ ಅದು ಉಳಿದೆಲ್ಲ ಕೆಲಸಗಳ ನಡುವೆ ತಲೆ ಹಾಕುತ್ತಲೇ ಇರುತ್ತದೆ. ಬರೆದ ಮೇಲೆ ಅದರ ಬದಿಯಲ್ಲಿ ನಿಮ್ಮಿಂದ ಆಗುವಂಥದ್ದು ಏನಾದರೂ ಇದೆಯೇ ನೋಡಿ. ಹೃದಯಕ್ಕೆ ಎಷ್ಟು ಪೆಟ್ಟಾಗಿದೆ, ಮುಂದಿನ ಪರೀಕ್ಷೆ ಯಾವುದು, ಮೊದಲಿನಿಂದ ತೆಗೆದುಕೊಳ್ಳುತ್ತಿದ್ದ ಮಾತ್ರೆಗಳನ್ನು ಮುಂದುವರಿಸಬೇಕೇ ಎಂದು ವೈದ್ಯರು ರೌಂಡ್ಸ್‌ಗೆ ಬಂದಾಗ ಕೇಳಬಹುದು. ಈ ಪ್ರಶ್ನೆಗಳನ್ನು ‘ಇವತ್ತು’ ಭಾಗಕ್ಕೆ ಸೇರಿಸಿ. ವೈದ್ಯರು ನಿಲ್ಲುವುದೇ ಎರಡು ನಿಮಿಷ. ಚೀಟಿ ಇಲ್ಲದಿದ್ದರೆ ಅವರು ಮೆಟ್ಟಿಲಿಳಿದ ಮೇಲೆಯೇ ಪ್ರಶ್ನೆ ನೆನಪಾಗುವುದು.

ಮೂರನೆಯದು: ಎದ್ದು ಮಾಡಬಹುದಾದ ಹಾಗೆ ಬರೆಯಿರಿ

‘ವಿಮೆ’ ಎಂದಷ್ಟೇ ಬರೆದರೆ ಅದು ಕೆಲಸವಲ್ಲ, ಬರೀ ಚಿಂತೆ. ‘ಬೀರುವಿನ ಮೇಲಿನ ಖಾನೆಯ ನೀಲಿ ಫೈಲಿನಲ್ಲಿರುವ ಪಾಲಿಸಿಯ ಫೋಟೊ ಕಳುಹಿಸುವಂತೆ ತಮ್ಮನಿಗೆ ಫೋನ್ ಮಾಡುವುದು, ಎಂಟು ಗಂಟೆಯೊಳಗೆ’ ಎಂದು ಬರೆದು ನೋಡಿ. ಆಗ ಕೈ ತಾನಾಗಿ ಫೋನಿನ ಕಡೆ ಹೋಗುತ್ತದೆ.

ಅದರ ಕೆಳಗಿನ ಸಾಲು, ವಿಮಾ ಕಂಪನಿಗೆ ತಿಳಿಸುವುದು. ತುರ್ತು ದಾಖಲಾತಿಯಾದರೆ 24 ಗಂಟೆಯೊಳಗೆ ತಿಳಿಸಬೇಕೆಂದು ಬಹುತೇಕ ಪಾಲಿಸಿಗಳಲ್ಲಿ ಇರುತ್ತದೆ. ನಗದುರಹಿತ ಚಿಕಿತ್ಸೆಯ ಕೋರಿಕೆಗೆ ಒಂದು ಗಂಟೆಯೊಳಗೆ, ಬಿಡುಗಡೆಯ ದಿನ ಅಂತಿಮ ಒಪ್ಪಿಗೆಗೆ ಮೂರು ಗಂಟೆಯೊಳಗೆ ಕಂಪನಿ ತೀರ್ಮಾನ ಹೇಳಬೇಕೆಂದು ವಿಮಾ ನಿಯಂತ್ರಣ ಪ್ರಾಧಿಕಾರ 2024ರಲ್ಲಿ ಸೂಚಿಸಿದೆ. ಕೋರಿಕೆ ಕಳುಹಿಸಿದ ಹೊತ್ತನ್ನೂ ಪಕ್ಕದಲ್ಲಿ ಗುರುತು ಹಾಕಿಕೊಂಡರೆ ಆಮೇಲೆ ಕೇಳುವುದು ಸುಲಭ. ಬಿಪಿಎಲ್ ಕುಟುಂಬವಾದರೆ ಸಾಲು ಬೇರೆ: ‘ಪಡಿತರ ಚೀಟಿ, ಆಧಾರ್ ಹಿಡಿದು ಆರೋಗ್ಯಮಿತ್ರರನ್ನು (ಸರ್ಕಾರಿ ಆರೋಗ್ಯ ಯೋಜನೆಯ ವಿಷಯದಲ್ಲಿ ಆಸ್ಪತ್ರೆಯಲ್ಲಿ ನೆರವಾಗುವ ಸಿಬ್ಬಂದಿ) ಕಾಣುವುದು’. ಆಯುಷ್ಮಾನ್ ಭಾರತ್-ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಇಂತಹ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿಯವರೆಗೆ ಚಿಕಿತ್ಸೆಯ ಸೌಲಭ್ಯವಿದೆ.

ನಾಲ್ಕನೆಯದು: ಪ್ರತಿ ಸಾಲಿಗೂ ಒಂದು ಹೆಸರು

ನಮ್ಮ ಮನೆಗಳಲ್ಲಿ ಕಷ್ಟ ಬಂದಾಗ ಕೆಲಸವೆಲ್ಲ ಒಬ್ಬರ ತಲೆಗೇ ಬೀಳುತ್ತದೆ, ಹೆಚ್ಚಾಗಿ ದೊಡ್ಡ ಮಗಳಿಗೋ ಸೊಸೆಗೋ. ಉಳಿದವರು ‘ಏನಾದರೂ ಬೇಕಿದ್ದರೆ ಹೇಳು’ ಎಂದು ಹೇಳಿ ಕಾಫಿ ಕುಡಿದು ಹೋಗುತ್ತಾರೆ. ಅವರದ್ದೂ ತಪ್ಪಲ್ಲ, ಏನು ಬೇಕೆಂದು ಅವರಿಗೆ ಗೊತ್ತಾಗುವುದಾದರೂ ಹೇಗೆ? ಅವರು ಹಾಗೆಂದ ತಕ್ಷಣ ಪಟ್ಟಿ ಮುಂದೆ ಹಿಡಿಯಿರಿ. ಮಧ್ಯಾಹ್ನದ ಊಟ ತರುವುದು ಚಿಕ್ಕಪ್ಪನ ಪಾಲಿಗೆ, ಮಗಳನ್ನು ಶಾಲೆಯಿಂದ ಕರೆತರುವುದು ಪಕ್ಕದ ಮನೆಯವರಿಗೆ, ಬಂಧುಗಳ ಫೋನ್‌ಗೆಲ್ಲ ಉತ್ತರ ಹೇಳುವುದು ಬಾಯಿ ಚುರುಕಿರುವ ಭಾವಮೈದುನನಿಗೆ. ಈ ಕೊನೆಯದೊಂದನ್ನು ಬೇರೆಯವರಿಗೆ ವಹಿಸಿದರೇ ಅರ್ಧ ದಣಿವು ಕಳೆಯುತ್ತದೆ.

ಐದನೆಯದು: ಮಲಗುವ ಮುನ್ನ ನಾಳೆಯದು

ಅಮೆರಿಕದ ಬೇಲರ್ ವಿಶ್ವವಿದ್ಯಾಲಯದವರು 57 ಯುವಜನರನ್ನು ಪ್ರಯೋಗಾಲಯದಲ್ಲಿ ಮಲಗಿಸಿ ನಡೆಸಿದ ಅಧ್ಯಯನವೊಂದು 2018ರಲ್ಲಿ ಪ್ರಕಟವಾಯಿತು. ಮಲಗುವ ಮುನ್ನ ಐದು ನಿಮಿಷ, ಅರ್ಧದಷ್ಟು ಜನ ಮುಂದೆ ಮಾಡಬೇಕಾದುದನ್ನು ಬರೆದರು, ಉಳಿದವರು ಮುಗಿಸಿದ ಕೆಲಸಗಳನ್ನು. ಮುಂದಿನದನ್ನು ಬರೆದವರಿಗೆ ಸರಾಸರಿ ಒಂಬತ್ತು ನಿಮಿಷ ಬೇಗ ನಿದ್ದೆ ಬಂತು. ಚಿಕ್ಕ ಪ್ರಯೋಗ, ಆಸ್ಪತ್ರೆಯ ಬೆಂಚಿನ ಮೇಲೆ ಮಲಗಿದವರದ್ದಲ್ಲ. ಆದರೂ ಖರ್ಚಿಲ್ಲದ ಉಪಾಯ.

ಪರಿಸ್ಥಿತಿ ಬದಲಾದರೆ

ಮೂರನೆಯ ದಿನ ಆಂಜಿಯೋಗ್ರಾಂ ನೋಡಿ ಬೈಪಾಸ್ ಬೇಕೆಂದರು ಎಂದಿಟ್ಟುಕೊಳ್ಳಿ. ಹಳೆಯ ಪಟ್ಟಿಗೆ ತೇಪೆ ಹಾಕಬೇಡಿ. ಹೊಸ ಹಾಳೆ ತೆಗೆದುಕೊಂಡು ಮೊದಲಿನಿಂದ ಬರೆಯಿರಿ. ಮುಗಿಯದೆ ಉಳಿದ ಹಳೆಯ ಸಾಲುಗಳಲ್ಲಿ ಹೊಸ ಹಾಳೆಗೆ ಬರುವ ಯೋಗ್ಯತೆ ಇರುವುದು ಒಂದೋ ಎರಡೋ.

ಪಟ್ಟಿಗೂ ಮಿತಿಯಿದೆ. ವಾರಗಟ್ಟಲೆ ನಿದ್ದೆ ಬಾರದಿದ್ದರೆ, ಊಟ ಸೇರದಿದ್ದರೆ, ಬರೆದ ಪಟ್ಟಿಯನ್ನೇ ಮತ್ತೆ ಮತ್ತೆ ಬರೆಯುವಂತಾದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ-ಮಾನಸ್‌ನ 14416ಕ್ಕೆ ಕರೆ ಮಾಡಿ. ಉಚಿತ, ದಿನದ 24 ಗಂಟೆಯೂ ಲಭ್ಯ, ಕನ್ನಡದಲ್ಲೇ ಮಾತನಾಡಬಹುದು.

ಇನ್ನು ಮನೆಯಲ್ಲಿ ಎಲ್ಲರೂ ಆರೋಗ್ಯವಾಗಿರುವಾಗಲೇ ಬರೆದಿಡಬೇಕಾದ ಪಟ್ಟಿಯೊಂದಿದೆ. ಹಿರಿಯರು ತೆಗೆದುಕೊಳ್ಳುವ ಮಾತ್ರೆಗಳ ಹೆಸರು ಮತ್ತು ಪ್ರಮಾಣ, ಒಗ್ಗದ ಔಷಧ, ರಕ್ತದ ಗುಂಪು, ಪಾಲಿಸಿ ಸಂಖ್ಯೆ, ಆಂಬುಲೆನ್ಸ್‌ಗೆ 108. ಬೀರುವಿನ ಬಾಗಿಲ ಒಳಬದಿಗೆ ಅಂಟಿಸಿ, ಫೋಟೊ ತೆಗೆದು ಮನೆಯವರೆಲ್ಲರ ಮೊಬೈಲಿಗೂ ಕಳುಹಿಸಿ. ಮಾತ್ರೆ ಬದಲಾದ ದಿನವೇ ಅದನ್ನೂ ತಿದ್ದಿ.