ಬಿಲ್ಲಿಗೆ ಹೊಸ ಸೈಟ್ ಹಾಕಿದ ಮೇಲೂ ಆರನೇ ಬಾಣ ಮೇಲಕ್ಕೇ ಹೋಗುತ್ತಿತ್ತು

ನಾನು ಬಿಲ್ಲುಗಾರಿಕೆ ಶುರು ಮಾಡಿದ್ದು ಇಂಡಿಯನ್ ರೌಂಡ್‌ನಲ್ಲಿ. ಬಿದಿರಿನ ಬಿಲ್ಲು, 30 ಮತ್ತು 50 ಮೀಟರ್, ಸೈಟ್ (ಗುರಿ ನೋಡೋಕೆ ಬಿಲ್ಲಿಗೆ ಹಾಕುವ, ಸಣ್ಣ ರಿಂಗ್ ಇರುವ ಸಾಧನ) ಇಲ್ಲ. ಬಾಣದ ತುದಿ ನೋಡಿಕೊಂಡೇ ಗುರಿ ಹಿಡಿಯಬೇಕು. ತುದಿಗಳು ಮುಂದಕ್ಕೆ ಬಾಗಿರುವ ರಿಕರ್ವ್ ಬಿಲ್ಲು ಹಿಡಿದು 70 ಮೀಟರ್ ಗೆರೆಯಲ್ಲಿ ನಿಂತ ಮೇಲೆ ಸೈಟ್ ಅಂದರೇನು ಅಂತ ನಿಜವಾಗಿ ಗೊತ್ತಾಯಿತು.

ನನ್ನ ಮೊದಲ ಸೈಟ್ ಸಾಧಾರಣದ್ದು. ರಿಂಗ್ ಹಿಡಿದು ಅಲುಗಾಡಿಸಿದರೆ ಬೆರಳಿಗೆ ಸಡಿಲ ತಿಳಿಯುತ್ತಿತ್ತು. ಅರ್ಧ ಮಿಲಿಮೀಟರ್ ಇದ್ದೀತು, ಅಷ್ಟೇ. ಪ್ರತಿ ಸುತ್ತಿನ ಆರು ಬಾಣಗಳಲ್ಲಿ ಕೊನೆಯ ಒಂದೆರಡು ಮೇಲಕ್ಕೆ ಹೋಗುತ್ತಿದ್ದವು. ಒಂದು ಸಂಜೆ ಮನೆಯಲ್ಲಿ ಕೂತು ಲೆಕ್ಕ ಹಾಕಿದೆ. ನನ್ನ ಕಣ್ಣಿನಿಂದ ಸೈಟ್‌ಗೆ ಸುಮಾರು 90 ಸೆಂಟಿಮೀಟರ್. ಅಲ್ಲಿ 1 ಮಿಲಿಮೀಟರ್ ಸರಿದರೆ 70 ಮೀಟರ್ ದೂರದಲ್ಲಿ ಬಾಣ ಹತ್ತಿರ ಹತ್ತಿರ 8 ಸೆಂಟಿಮೀಟರ್ ಸರಿಯುತ್ತದೆ. ಟಾರ್ಗೆಟ್‌ನಲ್ಲಿ ಒಂದೊಂದು ಅಂಕದ ಪಟ್ಟಿ 6.1 ಸೆಂಟಿಮೀಟರ್ ಮಾತ್ರ. ಅಂದರೆ ಅರ್ಧ ಮಿಲಿಮೀಟರ್ ಸಡಿಲ ಇದ್ದರೂ ಹತ್ತು ಒಂಬತ್ತಾಗಬಹುದು. ಸೈಟ್ ಬದಲಾಯಿಸೋದು ಅಂತ ಅವತ್ತೇ ತೀರ್ಮಾನ ಮಾಡಿದೆ.

ಹಿರಿಯ ಆಟಗಾರರೊಬ್ಬರು ಬಳಸಿದ ಒಳ್ಳೆ ಸೈಟ್ ಸಿಕ್ಕಿತು. ಎಲ್ಲೂ ಅಲುಗಾಟ ಇಲ್ಲ. ತಿರುಪು ತಿರುಗಿಸಿದರೆ ಒಂದೊಂದೇ ಕ್ಲಿಕ್ ಕೈಗೆ ತಿಳಿಯುತ್ತದೆ. ನಡುವೆ ಚುಕ್ಕೆ ಇಲ್ಲದ ಬರೀ ರಿಂಗ್ ಹಾಕಿಕೊಂಡೆ. ಚುಕ್ಕೆ ಇದ್ದಾಗ ಅದನ್ನು ಟಾರ್ಗೆಟ್‌ನ ನಡುವಿರುವ ಹಳದಿಯ ನಟ್ಟನಡುವೆ ನಿಲ್ಲಿಸೋಕೆ ಹೋಗಿ ಬಾಣ ಬಿಡೋದೇ ತಡವಾಗುತ್ತಿತ್ತು. ರಿಂಗ್ ಒಳಗೆ ಹಳದಿ ತಾನಾಗಿಯೇ ಕೂರುತ್ತದೆ.

30 ಮೀಟರ್‌ನಲ್ಲಿ ಸೈಟ್ ಹೊಂದಿಸಿದೆ. ಇಲ್ಲಿ ಹೊಸಬರು ಎಡವುತ್ತಾರೆ. ಬಾಣ ಎಡಕ್ಕೆ ಬಿದ್ದರೆ ಸೈಟನ್ನೂ ಎಡಕ್ಕೇ ಸರಿಸಬೇಕು, ಕೆಳಗೆ ಬಿದ್ದರೆ ಕೆಳಕ್ಕೆ. ಬಾಣ ಹೋದ ಕಡೆಗೇ ಸೈಟ್. ರಿಂಗ್ ಎಡಕ್ಕೆ ಹೋದರೆ ಅದನ್ನು ಮತ್ತೆ ಹಳದಿಗೆ ತರೋಕೆ ಇಡೀ ಬಿಲ್ಲು ಬಲಕ್ಕೆ ಬರಬೇಕು, ಅಲ್ವಾ? ಒಂದು ಬಾಣ ನೋಡಿ ಸರಿಸಬೇಡಿ. ಆರೂ ಬಿಟ್ಟು, ಗುಂಪಿನ ನಡು ನೋಡಿ ಸರಿಸಿ.

30 ಮೀಟರ್‌ನಲ್ಲಿ ಬಾಣಗಳು ನಡುವಿಗೆ ಬಂದವು. 70ಕ್ಕೆ ಹೋದರೆ ಗುಂಪು ಪೂರ್ತಿ ಎಡಕ್ಕೆ! ಗಾಳಿ ಇರಲಿಲ್ಲ. ಆಮೇಲೆ ಹೊಳೆಯಿತು, ರಿಂಗ್ ಮೇಲೆ ಕೆಳಗೆ ಓಡಾಡುವ ಪಟ್ಟಿಯೇ ಸ್ವಲ್ಪ ವಾಲಿರಬೇಕು. ಗಾರೆ ಕೆಲಸದವರು ಗೋಡೆ ನೆಟ್ಟಗಿದೆಯಾ ಅಂತ ನೋಡುವ ತೂಗುಗುಂಡನ್ನು ತಂದು ಕಿಟಕಿಯ ಸರಳಿಗೆ ಇಳಿಬಿಟ್ಟೆ. ಪಕ್ಕದಲ್ಲೇ ಬಿಲ್ಲನ್ನು ಕಟ್ಟಿ ನಿಲ್ಲಿಸಿ, ಅದರ ಹೆದೆಯನ್ನು ಗುಂಡಿನ ದಾರಕ್ಕೆ ಸರಿಯಾಗಿ ಹೊಂದಿಸಿದೆ. ಒಂದು ಕಣ್ಣು ಮುಚ್ಚಿ ನೋಡಿದರೆ ಪಟ್ಟಿಯ ಕೆಳತುದಿ ಕೂದಲೆಳೆಯಷ್ಟು ಬಲಕ್ಕೆ ಇತ್ತು. 30ರ ಗುರುತಿನಿಂದ 70ರ ಗುರುತಿಗೆ ನನ್ನ ರಿಂಗ್ ಸುಮಾರು 7 ಸೆಂಟಿಮೀಟರ್ ಕೆಳಗಿಳಿಯುತ್ತದೆ. ಅಷ್ಟರಲ್ಲಿ ಅದು 1 ಮಿಲಿಮೀಟರ್ ಬಲಕ್ಕೆ ಸರಿದರೂ ಬಾಣ 8 ಸೆಂಟಿಮೀಟರ್ ಎಡಕ್ಕೆ. ಅಲೆನ್ ಕೀ ಹಾಕಿ ಪಟ್ಟಿ ನೆಟ್ಟಗೆ ಮಾಡಿದೆ. ಸ್ಕ್ರೂ ತಲೆಯ ಮೇಲೆ, ಪಕ್ಕದ ಲೋಹಕ್ಕೂ ತಾಗುವ ಹಾಗೆ, ನೈಲ್ ಪಾಲಿಷ್‌ನಿಂದ ಒಂದು ಗೆರೆ ಎಳೆದೆ. ಸ್ಕ್ರೂ ತಿರುಗಿದರೆ ಗೆರೆ ಮುರಿದು ಕಾಣುತ್ತದೆ. ಈಗಲೂ ಅಭ್ಯಾಸಕ್ಕೆ ಮುಂಚೆ ಮೊದಲು ನೋಡೋದು ಆ ಗೆರೆಯನ್ನೇ.

ಎಡ ಬಲ ಸರಿಹೋಯಿತು. ಆದರೆ ಆರನೇ ಬಾಣ ಮಾತ್ರ ಮತ್ತೆ ಮೇಲೆಯೇ. ಇಷ್ಟು ದಿನ ಹಳೆ ಸೈಟ್ ಮೇಲೆ ಹೊರಿಸಿದ್ದ ತಪ್ಪು ಇದು. ತುಂಬಾ ಬೇಜಾರಾಯಿತು. ಬಾಣಗಳಿಗೆ ನಂಬರ್ ಬರೆದು, ಸಾಲು ಬದಲಾಯಿಸಿ ಬಿಟ್ಟು ನೋಡಿದೆ. ಯಾವ ಬಾಣವಾದರೂ ಸರಿ, ಕೊನೆಗೆ ಬಿಟ್ಟಿದ್ದು ಮೇಲಕ್ಕೆ. ಜೊತೆಗೆ ಅಭ್ಯಾಸ ಮಾಡುವ ಹುಡುಗನೊಬ್ಬ ಫೋನ್‌ನಲ್ಲಿ ಪಕ್ಕದಿಂದ ವಿಡಿಯೊ ಮಾಡಿಕೊಟ್ಟ.

"ಅಕ್ಕಾ, ಸುಸ್ತಾದಾಗ ನೀವು ಬಾಯಿ ಸ್ವಲ್ಪ ತೆರೀತೀರ. ಇಲ್ಲಿ ನೋಡಿ."

ನಿಜ. ರಿಕರ್ವ್‌ನಲ್ಲಿ, ರಾಟೆ ಇರುವ ಕಾಂಪೌಂಡ್ ಬಿಲ್ಲಿನ ಹಾಗೆ, ಹೆದೆಯಲ್ಲಿ ಪೀಪ್ (ಕಣ್ಣಿಟ್ಟು ನೋಡುವ ಸಣ್ಣ ತೂತು) ಇರುವುದಿಲ್ಲ. ಗದ್ದಕ್ಕೆ ಕೈ, ಮೂಗಿಗೆ ಹೆದೆ ತಾಗಬೇಕು. ನಮಗೆ ಹಿಂಬದಿಯ ಸೈಟ್ ಅಂದರೆ ದವಡೆಯೇ. ಕೂಡಿದ ಹಲ್ಲು ಬೇರೆಯಾದರೆ ದವಡೆ ಇಳಿಯುತ್ತದೆ, ಜೊತೆಗೆ ಬಾಣದ ಹಿಂಭಾಗವೂ ಇಳಿಯುತ್ತದೆ, ಬಾಣ ಮೇಲಕ್ಕೆ ಹಾರುತ್ತದೆ. ನನ್ನ ಬಾಣ ಸುಮಾರು 70 ಸೆಂಟಿಮೀಟರ್ ಉದ್ದ. ಹಿಂದೆ 1 ಮಿಲಿಮೀಟರ್ ಇಳಿದರೆ 70 ಮೀಟರ್ ದೂರದಲ್ಲಿ ಬಾಣ 10 ಸೆಂಟಿಮೀಟರ್ ಮೇಲಕ್ಕೆ! ಸಡಿಲ ಸೈಟ್‌ಗಿಂತ ಇದು ಜಾಸ್ತಿ.

ಆಮೇಲೆ ಒಂದು ತಿಂಗಳು ಹತ್ತಿರದಿಂದ, ಟಾರ್ಗೆಟ್ ಫೇಸ್ (ಬಣ್ಣದ ಅಂಕಪಟ್ಟಿಗಳ ಹಾಳೆ) ಇಲ್ಲದ ಬರೀ ಬಟ್ರೆಸ್‌ಗೆ (ಬಾಣ ಚುಚ್ಚಿ ನಿಲ್ಲುವ ದಪ್ಪ ಹಲಗೆಗೆ) ಬಾಣ ಬಿಟ್ಟೆ. ಹಿಂದಿನ ಹಲ್ಲು ಮೆಲ್ಲಗೆ ಕೂಡಿಸೋದು, ಆಮೇಲೆ ಎಳೆಯೋದು. ಅಷ್ಟೇ ಕೆಲಸ. ಮತ್ತೆ 70ಕ್ಕೆ ಹೋದಾಗ ಆರನೇ ಬಾಣ ಉಳಿದ ಐದರ ಜೊತೆಗೇ ಇತ್ತು.

ಹಳೆ ಸೈಟ್ ಈಗ ಆ ಹುಡುಗನ ಬಿಲ್ಲಿನ ಮೇಲಿದೆ. ಅವನು ಇನ್ನೂ 18 ಮೀಟರ್‌ನಲ್ಲಿದ್ದಾನೆ. ಅಲ್ಲಿ ಅರ್ಧ ಮಿಲಿಮೀಟರ್ ಸಡಿಲ ಅಂದರೆ ಒಂದೇ ಸೆಂಟಿಮೀಟರ್. ಆದರೂ ಕೊಡುವ ಮುಂಚೆ ಒಂದು ವಾಷರ್ ಹಾಕಿ ಬಿಗಿ ಮಾಡಿಕೊಟ್ಟೆ. ಅದರ ಸ್ಕ್ರೂ ಮೇಲೂ ನೈಲ್ ಪಾಲಿಷ್ ಗೆರೆ ಇದೆ.