ಗ್ರಿಡ್ ಸೆಕ್ಯುರಿಟಿ ಪ್ರೊಫೆಸರ್ ಆಗಬೇಕಾ? ಹ್ಯಾಕಿಂಗ್ ಆಮೇಲೆ, ಮೊದಲು ರಿಲೇ ಕಲಿಯಿರಿ

ಗ್ರಿಡ್ ಸೆಕ್ಯುರಿಟಿ (ವಿದ್ಯುತ್ ಜಾಲವನ್ನು ಸೈಬರ್ ದಾಳಿಯಿಂದ ಕಾಪಾಡುವುದು) ಅಂದ ಕೂಡಲೇ ಇಇಇ (ಎಲೆಕ್ಟ್ರಿಕಲ್ ಎಂಜಿನಿಯರಿಂಗ್) ಹುಡುಗರು ಹ್ಯಾಕಿಂಗ್ ಕೋರ್ಸ್‌ಗೆ ದುಡ್ಡು ಕಟ್ಟಿಬಿಡುತ್ತಾರೆ. ಅವಸರ ಬೇಡ. ನೆಟ್‌ವರ್ಕ್ ಒಳಗೆ ನುಗ್ಗಲು ಬರುವವರು ಕಂಪ್ಯೂಟರ್ ಸೈನ್ಸ್‌ನಲ್ಲಿ ಬೇಕಾದಷ್ಟಿದ್ದಾರೆ. ನುಗ್ಗಿದವನು ಒಂದು ಬ್ರೇಕರ್ (ಲೈನ್‌ನ ಕರೆಂಟ್ ಕಡಿಯುವ ದೊಡ್ಡ ಸ್ವಿಚ್) ತೆಗೆದರೆ ಪಕ್ಕದ ಲೈನ್ ಮೇಲೆ ಎಷ್ಟು ಲೋಡ್ ಬೀಳುತ್ತದೆ ಅಂತ ಹೇಳುವವರು ಕಮ್ಮಿ. ನಿಮಗೆ ಬೆಲೆ ಇರುವುದು ಅಲ್ಲೇ.

ಹಾಗಾಗಿ ಬಿಇಯಲ್ಲೇ ಲೋಡ್ ಫ್ಲೋ (ಯಾವ ಲೈನ್‌ನಲ್ಲಿ ಎಷ್ಟು ಕರೆಂಟ್ ಹರಿಯುತ್ತದೆ ಅನ್ನುವ ಲೆಕ್ಕ), ಪ್ರೊಟೆಕ್ಷನ್ (ಶಾರ್ಟ್ ಸರ್ಕ್ಯೂಟ್‌ನಂಥ ಫಾಲ್ಟ್ ಆದಾಗ ರಿಲೇ ಎಂಬ ಸಾಧನ ಅದನ್ನು ಗುರುತಿಸಿ ಬ್ರೇಕರ್ ತೆಗೆಸುವುದು) ಎರಡನ್ನೂ ಗಟ್ಟಿ ಮಾಡಿಕೊಳ್ಳಿ. 2012ರ ಜುಲೈ 30ರ ಬ್ಲ್ಯಾಕೌಟ್ ಬಗ್ಗೆ ಸರ್ಕಾರಿ ಸಮಿತಿಯ ವರದಿ ಇದೆ, ಓದಿ. ಬೀನಾ–ಗ್ವಾಲಿಯರ್ 400 ಕೆವಿ ಲೈನ್‌ನಲ್ಲಿ ಫಾಲ್ಟೇ ಇರಲಿಲ್ಲ, ಲೋಡ್ ಜಾಸ್ತಿಯಾಗಿದ್ದನ್ನೇ ರಿಲೇಯ ಝೋನ್-3 (ದೂರದ ಫಾಲ್ಟ್‌ಗೆಂದು ಇಟ್ಟ ಬ್ಯಾಕಪ್ ಸೆಟ್ಟಿಂಗ್) ಫಾಲ್ಟ್ ಅಂದುಕೊಂಡು ಟ್ರಿಪ್ ಮಾಡಿತು, ಅಲ್ಲಿಂದ ಬಹುತೇಕ ಉತ್ತರ ಭಾರತ ಕತ್ತಲೆ. ಯಾರೂ ಕೈ ಹಾಕದೆಯೇ ಇಷ್ಟು! ರಿಲೇ ಸೆಟ್ಟಿಂಗ್ ಬದಲಾಯಿಸುವವನು ಒಳಗೆ ಬಂದರೆ?

ಆಮೇಲೆ ಉಕ್ರೇನ್. 2015ರ ಡಿಸೆಂಬರ್ 23ರಂದು ಮೂರು ವಿತರಣಾ ಕಂಪನಿಗಳ ಮೇಲೆ ದಾಳಿಯಾಯಿತು. ಆಪರೇಟರ್ ನೋಡುತ್ತಿದ್ದಂತೆಯೇ ಮೌಸ್ ಬಾಣ ತಾನಾಗಿ ಓಡಾಡಿ ಬ್ರೇಕರ್‌ಗಳನ್ನು ತೆಗೆಯಿತು. ಸುಮಾರು 2.25 ಲಕ್ಷ ಗ್ರಾಹಕರಿಗೆ ಕರೆಂಟ್ ಹೋಯಿತು. ಕೆಲವೇ ಗಂಟೆಗಳಲ್ಲಿ ವಾಪಸ್ ಬಂದಿದ್ದು ಯಾವ ಸಾಫ್ಟ್‌ವೇರ್‌ನಿಂದಲೂ ಅಲ್ಲ, ಸಿಬ್ಬಂದಿ ಸಬ್‌ಸ್ಟೇಷನ್‌ಗೆ ಹೋಗಿ ಬ್ರೇಕರ್‌ಗಳನ್ನು ಕೈಯಲ್ಲೇ ಹಾಕಿದ್ದರಿಂದ.

ಈಗ ಕೈ ಕೆಸರು ಮಾಡಿಕೊಳ್ಳುವ ಕೆಲಸ. ಪಾಂಡಾಪವರ್ ಎಂಬ ಗ್ರಿಡ್ ಲೆಕ್ಕದ ಸಾಫ್ಟ್‌ವೇರ್ ಉಚಿತ, ಪೈಥಾನ್ ಬಂದರೆ ಸಾಕು. ಐಇಇಇ 14-ಬಸ್ ಸಿಸ್ಟಮ್ (ಲೈನ್‌ಗಳು ಸೇರುವ 14 ಜಾಗಗಳಿರುವ ಮಾದರಿ ಗ್ರಿಡ್) ತೆಗೆದುಕೊಂಡು ಡಿಸಿ ಮಾಡೆಲ್‌ನಲ್ಲಿ (ಸರಳ ಮಾಡಿದ ಲೆಕ್ಕದಲ್ಲಿ) ಸ್ಟೇಟ್ ಎಸ್ಟಿಮೇಷನ್, ಅಂದರೆ ಮೀಟರ್ ರೀಡಿಂಗ್‌ಗಳಿಂದ ಇಡೀ ಗ್ರಿಡ್‌ನ ಸ್ಥಿತಿ ಅಂದಾಜು ಮಾಡುವ ಪ್ರೋಗ್ರಾಮ್, ಬರೆಯಿರಿ. ಒಂದು ಮೀಟರ್ ರೀಡಿಂಗ್ ಸುಮ್ನೆ ಕೆಡಿಸಿ ನೋಡಿ, ತಪ್ಪು ರೀಡಿಂಗ್ ಪತ್ತೆ ಹಚ್ಚುವ ಬ್ಯಾಡ್ ಡೇಟಾ ಟೆಸ್ಟ್ ಸಾಮಾನ್ಯವಾಗಿ ಹಿಡಿದುಬಿಡುತ್ತದೆ. ಈಗ ಒಂದು ಬಸ್‌ನ ವೋಲ್ಟೇಜ್ ಆ್ಯಂಗಲ್ ಸ್ವಲ್ಪ ಬದಲಾದರೆ ಯಾವ್ಯಾವ ರೀಡಿಂಗ್ ಎಷ್ಟೆಷ್ಟು ಬದಲಾಗಬೇಕೋ ಅಷ್ಟನ್ನೂ ಒಟ್ಟಿಗೆ ಬದಲಾಯಿಸಿ. ರೆಸಿಡ್ಯುಯಲ್ (ರೀಡಿಂಗ್‌ಗೂ ಅಂದಾಜಿಗೂ ಇರುವ ವ್ಯತ್ಯಾಸ, ಟೆಸ್ಟ್ ನೋಡುವುದು ಇದನ್ನೇ) ಕದಲುವುದೇ ಇಲ್ಲ! 2009ರಲ್ಲಿ ಲಿಯು, ನಿಂಗ್, ರೈಟರ್ ಎಂಬ ಸಂಶೋಧಕರು ತೋರಿಸಿದ್ದು ಇದನ್ನೇ. ಆದರೆ ಇದರ ಮೇಲೆ ಪೇಪರ್‌ಗಳು ರಾಶಿ ಬಿದ್ದಿವೆ, ಕಲಿಯಲು ಮಾಡಿ, ಪಿಎಚ್‌ಡಿಗೆ ಇದರದ್ದೇ ಇನ್ನೊಂದು ತರಹದ್ದು ಅಂತ ಹೋಗಬೇಡಿ.

ಪಿಎಚ್‌ಡಿಗೆ ಗೈಡ್ ಹುಡುಕುವಾಗ ಕೇಳಬೇಕಾದ ಪ್ರಶ್ನೆ ಒಂದೇ: ಲ್ಯಾಬ್‌ನಲ್ಲಿ ನಿಜವಾದ ರಿಲೇ ಇದೆಯಾ? ಟ್ರಿಪ್ ಮೆಸೇಜ್ 3–4 ಮಿಲಿಸೆಕೆಂಡ್‌ನಲ್ಲಿ ತಲುಪಬೇಕಾದ ಕಡೆ ನಿಮ್ಮ ಚೆಂದದ ಎನ್‌ಕ್ರಿಪ್ಷನ್ ನಿಲ್ಲುತ್ತದಾ ಇಲ್ಲವಾ ಅನ್ನುವುದು ಸಿಮ್ಯುಲೇಷನ್‌ನಲ್ಲಿ ಗೊತ್ತಾಗುವುದಿಲ್ಲ. ಬೆಂಗಳೂರಿನವರಿಗೆ ಒಂದು ಅನುಕೂಲ ಇದೆ. ಐಐಎಸ್‌ಸಿ, ಸಿಪಿಆರ್‌ಐ (ಕೇಂದ್ರೀಯ ವಿದ್ಯುತ್ ಸಂಶೋಧನಾ ಸಂಸ್ಥೆ), ದಕ್ಷಿಣದ ಗ್ರಿಡ್ ನಡೆಸುವ ಲೋಡ್ ಡಿಸ್ಪ್ಯಾಚ್ ಸೆಂಟರ್ ಮೂರೂ ಊರಲ್ಲೇ ಇವೆ. ಸಾಧ್ಯವಾದರೆ ನಡುವೆ ಎರಡು ವರ್ಷ ಯಾವುದಾದರೂ ವಿದ್ಯುತ್ ಕಂಪನಿಯಲ್ಲಿ ಕೆಲಸ ಮಾಡಿ. ಪ್ರೊಫೆಸರ್ ಆದಮೇಲೆ ಡೇಟಾ ಕೇಳಲು ಹೋದಾಗ, ಶಿಫ್ಟ್ ಮಾಡಿದವರ ಮಾತಿಗೆ ಕಂಟ್ರೋಲ್ ರೂಮ್‌ನವರು ಬೇಗ ಕಿವಿ ಕೊಡುತ್ತಾರೆ ಅಲ್ವಾ.

ಒಂದು ಎಚ್ಚರಿಕೆ. ಓಡುತ್ತಿರುವ ಸಬ್‌ಸ್ಟೇಷನ್‌ನ ನೆಟ್‌ವರ್ಕನ್ನು ಅನುಮತಿ ಇಲ್ಲದೆ ಸ್ಕ್ಯಾನ್ ಕೂಡ ಮಾಡಬೇಡಿ, ಐಟಿ ಕಾಯ್ದೆಯಲ್ಲಿ ಸಿಕ್ಕಿಬೀಳುತ್ತೀರಿ. ಲ್ಯಾಬ್‌ನ ರಿಲೇಯಲ್ಲಿ ದೋಷ ಸಿಕ್ಕರೆ ಮೊದಲು ತಯಾರಕರಿಗೆ, ಸರ್ಟ್-ಇನ್‌ಗೆ (ಸೈಬರ್ ಭದ್ರತೆ ನೋಡಿಕೊಳ್ಳುವ ಸರ್ಕಾರಿ ಸಂಸ್ಥೆ) ತಿಳಿಸಿ. ಅವರು ಸರಿಪಡಿಸಲು ಸಮಯ ಕೊಟ್ಟು ಆಮೇಲೆ ಪೇಪರ್ ಕಳಿಸಿ.