1.3 ಪಿಪಿಎಂ ಶಿಖರ: ಲ್ಯಾಕ್ಟೇಟೋ, ಕೊಬ್ಬೋ?

ಎಂಆರ್ ಸ್ಪೆಕ್ಟ್ರೋಸ್ಕೋಪಿ ಅಂಗಾಂಶದ ರಾಸಾಯನಿಕಗಳನ್ನು ಶಿಖರಗಳ ಸಾಲಾಗಿ (ಸ್ಪೆಕ್ಟ್ರಮ್) ತೋರಿಸುತ್ತದೆ; ಶಿಖರ ಎಲ್ಲಿದೆ ಎಂಬುದರ ಅಳತೆ ಪಿಪಿಎಂ. ಇಲಿಯ ಮಿದುಳಿನ ಗೆಡ್ಡೆಯ ಸ್ಪೆಕ್ಟ್ರಮ್ ತೆರೆದ ಕೂಡಲೇ ಕಣ್ಣು ಹೋಗುವುದು 1.3 ಪಿಪಿಎಂ ಹತ್ತಿರದ ಶಿಖರಕ್ಕೆ. ಅದನ್ನು ಲ್ಯಾಕ್ಟೇಟ್ (ಸಕ್ಕರೆ ಒಡೆದಾಗ ಉಂಟಾಗುವ ರಾಸಾಯನಿಕ) ಎಂದು ಬರೆದುಬಿಡುವ ಅವಸರ ನನಗಿಲ್ಲ. ಸತ್ತ ಅಂಗಾಂಶದ ಕೊಬ್ಬು, ನೆತ್ತಿಯ ಚರ್ಮದಡಿಯ ಕೊಬ್ಬು ಎರಡೂ ಅಲ್ಲೇ ಬಂದು ಕೂರುತ್ತವೆ.

ಬಳಸುವುದು ಸಿ57ಬಿಎಲ್/6 ತಳಿಯ ಇಲಿ, ಜಿಎಲ್261 ಎಂಬ ಗ್ಲಯೋಮಾ (ಮಿದುಳಿನ ಗೆಡ್ಡೆ) ಕೋಶಗಳು, 9.4 ಟೆಸ್ಲಾ ಅಯಸ್ಕಾಂತ. ಅರ್ಧ ಕೆಲಸ ಕೆಡುವುದು ಕೋಶ ಚುಚ್ಚುವ ದಿನವೇ. 2 ಮೈಕ್ರೋಲೀಟರ್‌ನಲ್ಲಿ ಸುಮಾರು ಒಂದು ಲಕ್ಷ ಕೋಶಗಳನ್ನು ಮಿದುಳಿನ ಒಳಭಾಗವಾದ ಸ್ಟ್ರಯೇಟಂಗೆ ನಿಧಾನವಾಗಿ ಬಿಟ್ಟು, ಸೂಜಿಯನ್ನು ಐದು ನಿಮಿಷ ಅಲ್ಲೇ ನಿಲ್ಲಿಸಿ ಮೆಲ್ಲಗೆ ತೆಗೆಯಬೇಕು. ಅವಸರಪಟ್ಟರೆ ದ್ರವ ಸೂಜಿಯ ದಾರಿಯಲ್ಲೇ ಮೇಲೆ ಬಂದು ಗೆಡ್ಡೆ ಮಿದುಳಿನ ಹೊರಗೂ ಬೆಳೆಯುತ್ತದೆ. ಬುರುಡೆಯ ರಂಧ್ರವನ್ನು ಮೂಳೆ ಮೇಣದಿಂದ ಮುಚ್ಚುವಾಗ ಗಾಳಿಗುಳ್ಳೆ ಉಳಿದರೆ ಆಮೇಲೆ ಶಿಮ್ ಮಾಡುವವರ (ಕಾಂತಕ್ಷೇತ್ರವನ್ನು ಸಮಗೊಳಿಸುವವರ) ಪಾಡು ಯಾರಿಗೂ ಬೇಡ.

ಅರಿವಳಿಕೆಗೆ ಐಸೋಫ್ಲುರೇನ್ 1ರಿಂದ 1.5 ಶೇಕಡಾ, ಉಸಿರಾಟ ನಿಮಿಷಕ್ಕೆ 60–80, ಗುದದ್ವಾರದ ತಾಪ 37 ಡಿಗ್ರಿ. ಐಸೋಫ್ಲುರೇನ್ ತಾನೇ ಮಿದುಳಿನ ಲ್ಯಾಕ್ಟೇಟ್ ಏರಿಸುತ್ತದೆ. ಹಾಗಾಗಿ ಅದರ ಪ್ರಮಾಣವೂ ಸ್ಕ್ಯಾನ್‌ವರೆಗಿನ ಸಮಯವೂ ಎಲ್ಲ ಇಲಿಗಳಿಗೂ ಒಂದೇ ಇರಬೇಕು. ಎದುರು ಬದಿಯ ಆರೋಗ್ಯಕರ ಭಾಗದಿಂದಲೂ ಒಂದು ಸ್ಪೆಕ್ಟ್ರಮ್ ತೆಗೆಯದೆ ನಾನು ಇಲಿಯನ್ನು ಹೊರಗೆ ತೆಗೆಯುವುದಿಲ್ಲ.

ವಾಕ್ಸೆಲ್, ಅಂದರೆ ಸಂಕೇತ ತೆಗೆಯುವ ಪೆಟ್ಟಿಗೆ, 2×2×2 ಮಿ.ಮೀ., ಅಂದರೆ 8 ಮೈಕ್ರೋಲೀಟರ್. ಇಲ್ಲಿ ಒಂದು ಲೆಕ್ಕ ನೋಡಿ. ಕೋಲೀನ್ ಎಂಬ ಇನ್ನೊಂದು ರಾಸಾಯನಿಕದ ಶಿಖರ 3.21ರಲ್ಲಿ, ಲ್ಯಾಕ್ಟೇಟ್ 1.33ರಲ್ಲಿ; ಈ ಅಯಸ್ಕಾಂತದ 400 ಮೆಗಾಹರ್ಟ್ಜ್‌ನಲ್ಲಿ (1 ಪಿಪಿಎಂ ಅಂದರೆ 400 ಹರ್ಟ್ಜ್) ಅಂತರ ಸುಮಾರು 750 ಹರ್ಟ್ಜ್. ಪೆಟ್ಟಿಗೆಯನ್ನು ಆರಿಸುವ ರೇಡಿಯೋ ಪಲ್ಸ್‌ನ ಬ್ಯಾಂಡ್‌ವಿಡ್ತ್ 2,500 ಹರ್ಟ್ಜ್ ಇದ್ದರೆ, ಲ್ಯಾಕ್ಟೇಟ್ ಬರುವ ಪೆಟ್ಟಿಗೆ ಕೋಲೀನ್ ಪೆಟ್ಟಿಗೆಯಿಂದ 0.6 ಮಿ.ಮೀ. ಸರಿದಿರುತ್ತದೆ, ಅದೂ ಪ್ರತಿ ದಿಕ್ಕಿನಲ್ಲಿ. ತೆರೆಯ ಮೇಲಿನ ಪೆಟ್ಟಿಗೆ ಗೆಡ್ಡೆಯೊಳಗೇ ಕಂಡರೂ ಕೊಬ್ಬಿನ ಸಂಕೇತ ನೆತ್ತಿಯಿಂದ ಬಂದಿರಬಹುದು. ಅದಕ್ಕೇ ಪ್ರೆಸ್ ಎಂಬ ಸೀಕ್ವೆನ್ಸ್‌ಗಿಂತ (ಪಲ್ಸ್‌ಗಳ ಸರಣಿ), ಅಗಲ ಬ್ಯಾಂಡ್‌ನ ಅಡಿಯಬ್ಯಾಟಿಕ್ ಪಲ್ಸ್‌ಗಳಿರುವ ಲೇಸರ್ ಸೀಕ್ವೆನ್ಸೇ (ಹೆಸರಷ್ಟೇ, ಬೆಳಕಿನ ಲೇಸರ್ ಅಲ್ಲ) ನನ್ನ ಆಯ್ಕೆ. ವಾಕ್ಸೆಲ್‌ನ ಸುತ್ತ ಹೊರ ಸಂಕೇತ ಅಡಗಿಸುವ ಪಟ್ಟಿಗಳನ್ನೂ ಇಡುತ್ತೇನೆ.

ನೀರಿನ ಶಿಖರದ ಅಗಲ 20 ಹರ್ಟ್ಜ್ ಒಳಗಿದ್ದರೆ ಸಂತೋಷ. ರಕ್ತ ಸೋರಿದ ಗೆಡ್ಡೆಯಲ್ಲಿ ಅದು ಸಿಗುವುದಿಲ್ಲ. ಆಗ ಟೌರಿನ್ ಎಂಬ ರಾಸಾಯನಿಕದ 3.25ರ ಶಿಖರಕ್ಕೂ ಕೋಲೀನ್‌ಗೂ ಇರುವ 16 ಹರ್ಟ್ಜ್ ಅಂತರ ಮುಚ್ಚಿಹೋಗುತ್ತದೆ. ಇಲಿಯ ಮಿದುಳಿನಲ್ಲಿ ಟೌರಿನ್ ಹೇರಳ. ಮನುಷ್ಯರ ಸ್ಪೆಕ್ಟ್ರಮ್ ಓದಿ ಬಂದವರು ಎಡವುವುದು ಇಲ್ಲೇ.

ಲ್ಯಾಕ್ಟೇಟ್‌ನ ಜೋಡಿ ಶಿಖರಗಳ ನಡುವೆ ಇರುವುದು 7 ಹರ್ಟ್ಜ್ ಮಾತ್ರ, ಜೀವಂತ ಇಲಿಯಲ್ಲಿ ಅದು ಒಡೆದು ಕಾಣುವುದಿಲ್ಲ. ಹಾಗಾಗಿ ಎಕೋ ಸಮಯ (ಪಲ್ಸ್‌ನಿಂದ ಸಂಕೇತ ಓದುವವರೆಗಿನ ಕಾಲ) 144 ಮಿಲಿಸೆಕೆಂಡ್ ಇಟ್ಟು ಇನ್ನೊಮ್ಮೆ ತೆಗೆಯಬೇಕು: ಲ್ಯಾಕ್ಟೇಟ್ ತಲೆಕೆಳಗಾಗುತ್ತದೆ, ಕೊಬ್ಬು ಹಾಗೆ ತಿರುಗುವುದಿಲ್ಲ. ಈ ಪರೀಕ್ಷೆಗೂ ಲೇಸರ್ ನಡೆಯುತ್ತದೆ. ಪ್ರೆಸ್‌ನಲ್ಲಿ ಮಾತ್ರ, ಪೆಟ್ಟಿಗೆ ಸರಿಯುತ್ತದೆ ಎಂದು ಮೇಲೆ ಹೇಳಿದೆನಲ್ಲ, ಅದರಿಂದಲೇ ತಲೆಕೆಳಗಾದ ಶಿಖರ ಸಣ್ಣದಾಗುತ್ತದೆ. ಲ್ಯಾಕ್ಟೇಟ್ ಇದೆಯೋ ಇಲ್ಲವೋ ಎಂದು ತಿಳಿಯಲು ಅದು ಸಾಕು, ಪ್ರಮಾಣ ಅಳೆಯಲು ಸಾಲದು.

ಕ್ರಿಯಾಟಿನ್‌ಗೆ ಹೋಲಿಸಿ ಅನುಪಾತ ಕೊಡುವುದು ನನಗೆ ಹಿಡಿಸದು, ಗೆಡ್ಡೆಯಲ್ಲಿ ಅದೂ ಇಳಿದಿರುತ್ತದೆ. ಸ್ಪೆಕ್ಟ್ರಮ್‌ನಿಂದ ಪ್ರಮಾಣ ಲೆಕ್ಕ ಹಾಕುವ ಎಲ್‌ಸಿಮಾಡೆಲ್ ತಂತ್ರಾಂಶದಲ್ಲಿ ಶೇಕಡಾ 20ಕ್ಕಿಂತ ಹೆಚ್ಚು ದೋಷ ತೋರಿದ ಎನ್ಎಎ (ನರಕೋಶಗಳಲ್ಲಿರುವ ರಾಸಾಯನಿಕ) ಅಂಕಿಗಳನ್ನು ಕಣ್ಣುಮುಚ್ಚಿ ಎಸೆಯುವವರಿದ್ದಾರೆ. ಗೆಡ್ಡೆಯಲ್ಲಿ ಎನ್ಎಎ ಕಡಿಮೆಯಾದ್ದರಿಂದಲೇ ಶೇಕಡಾ ದೋಷ ಏರುತ್ತದೆ. ಎಸೆದರೆ ಉಳಿಯುವುದು ಎನ್ಎಎ ಹೆಚ್ಚಿರುವ ಇಲಿಗಳಷ್ಟೇ.